ನೀಲಿಯಿಂದ ಹಳದಿಗೆ ಸುತ್ತು ದಾರಿ

ಚಿತ್ರ ಬರೆಯಲು ಬಾರದವರೂ ಕಲಾವಿದರು ಅನ್ನಿಸಿಕೊಳ್ಳಬಹುದಾದ ಹವ್ಯಾಸ ಅಂದರೆ ಫ್ರ್ಯಾಕ್ಟಲ್ ಕಲೆ, ಹಿಗ್ಗಿಸಿ ನೋಡಿದಷ್ಟೂ ಒಳಗೊಳಗೇ ಹೊಸ ವಿನ್ಯಾಸ ಬಿಚ್ಚಿಕೊಳ್ಳುವ ಆಕಾರಗಳ ಕಲೆ. ಹೈಸ್ಕೂಲಿನಲ್ಲಿ ನಾನು ಬರೆದ ಮಾವಿನಹಣ್ಣು ನೋಡಿ ಡ್ರಾಯಿಂಗ್ ಮೇಷ್ಟ್ರು "ಬದನೆಕಾಯಿ ಚೆನ್ನಾಗಿ ಬಂದಿದೆ" ಅಂತ ಬೆನ್ನು ತಟ್ಟಿದ್ದರು. ಫ್ರ್ಯಾಕ್ಟಲ್‌ನಲ್ಲಿ ಆ ತಾಪತ್ರಯ ಇಲ್ಲ. ಆಕಾರದ ಜವಾಬ್ದಾರಿ ಪೂರ್ತಿ ಲೆಕ್ಕದ್ದು. ಪರದೆಯ ಮೇಲಿನ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ. ಸೊನ್ನೆಯಿಂದ ಹೊರಡಿ, ವರ್ಗ ಮಾಡಿ ಆ ಸಂಖ್ಯೆ ಕೂಡಿಸಿ, ಬಂದದ್ದನ್ನು ಮತ್ತೆ ವರ್ಗ ಮಾಡಿ ಮತ್ತೆ ಅದನ್ನೇ ಕೂಡಿಸಿ. ಕೆಲವು ಚುಕ್ಕಿಗಳು ಎಷ್ಟು ಸಲ ತಿರುಗಿಸಿದರೂ ಅಲ್ಲೇ ಸುಳಿದಾಡುತ್ತವೆ. ಕೆಲವು 2ರ ಗಡಿ ದಾಟಿದ್ದೇ ತಡ, ಅನಂತದ ಕಡೆಗೆ ಓಟ ಕೀಳುತ್ತವೆ. ಉಳಿದವಕ್ಕೆ ಕಪ್ಪು ಬಳಿದರೆ ಮ್ಯಾಂಡೆಲ್‌ಬ್ರಾಟ್ ಸೆಟ್. ಓಡಿಹೋದವು ಎಷ್ಟನೇ ಸುತ್ತಿಗೆ ಓಡಿದವು ಅಂತ ಎಣಿಸಿ, ಎಣಿಕೆಗೆ ಒಂದೊಂದು ಬಣ್ಣ ಕೊಟ್ಟರೆ ಕಲೆ.

ಮೊದಲ ಸಲ ನನ್ನ ಪರದೆಯಲ್ಲಿ ಅದನ್ನು ನೋಡಿದ ಅಮ್ಮ "ಅಯ್ಯೋ, ಎಷ್ಟು ದೊಡ್ಡ ತಿಗಣೆ ಕಣೋ ಇದು!" ಅಂದಳು. ಜರ್ಮನ್ನರ ಕಣ್ಣಿಗೆ ಅದೇ ಆಕಾರ ಸೇಬಿನ ಹೊಟ್ಟೆಯ ಪುಟ್ಟ ಮನುಷ್ಯನಾಗಿ ಕಂಡಿದೆ. ಅವರ ಹಾಸಿಗೆಗಳು ನಮ್ಮವಕ್ಕಿಂತ ಚೆನ್ನಾಗಿದ್ದವು ಅಂತ ಕಾಣುತ್ತದೆ.

ತಿಗಣೆಯೋ ಸೇಬೋ, ಆಕಾರ ಮಾತ್ರ ವಾರ್ಸಾದಲ್ಲಿ ಮಾಡಿದರೂ ಅದೇ, ಚಾಮರಾಜನಗರದಲ್ಲಿ ಮಾಡಿದರೂ ಅದೇ. ನಮ್ಮದು ಅಂತ ಹೇಳಿಕೊಳ್ಳಲು ಉಳಿಯುವುದು ಆಕಾರದ ಯಾವ ಮೂಲೆಯನ್ನು ಹಿಗ್ಗಿಸಿ ಇಣುಕಿದೆವು ಅನ್ನುವುದು, ಮತ್ತೆ ಬಣ್ಣ. ಹೊಗಳಿಕೆ ಬಂದರೂ ಬೈಗುಳ ಬಂದರೂ ಬಣ್ಣದ ಖಾತೆಗೇ ಜಮಾ.

ಈ ಸೆಟ್ಟಿಗೆ ಯಾರ ಹೆಸರಿದೆಯೋ ಆ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಅವರಿಗೆ ಈ ತಲೆನೋವು ಇರಲಿಲ್ಲ. 1980ರಲ್ಲಿ ಅವರು ಐಬಿಎಂನಲ್ಲಿ ಕೂತು ತೆಗೆದ ಮುದ್ರಣಗಳು ಕಪ್ಪು ಬಿಳುಪು. 1985ರ ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಮುಖಪುಟದಲ್ಲಿ ಇದು ಬಣ್ಣ ಹಚ್ಚಿಕೊಂಡು ಬಂದ ಮೇಲೆ ಶುರುವಾಯಿತು ನೋಡಿ, ಜಗತ್ತಿನ ಮನೆಮನೆಗಳಲ್ಲಿ ಗಂಡಸರು ರಾತ್ರಿ ಕಂಪ್ಯೂಟರ್ ಆರಿಸದೆ ಮಲಗುವ ಚಾಳಿ. ಒಂದು ಚಿತ್ರಕ್ಕೆ ಇಡೀ ರಾತ್ರಿ ಬೇಕಾಗುತ್ತಿತ್ತು.

ನನಗೆ ಈ ಗೀಳು ಹತ್ತಿದ್ದು ಕಾಲೇಜಿನಲ್ಲಿ, ಫ್ರ್ಯಾಕ್ಟ್‌ಇಂಟ್ ಅನ್ನುವ ಪುಕ್ಕಟೆ ಪ್ರೋಗ್ರಾಮಿನಿಂದ. ಬರ್ಟ್ ಟೈಲರ್ ಅನ್ನುವವರು ಶುರುಮಾಡಿ, ಆಮೇಲೆ ಒಬ್ಬರಾದ ಮೇಲೊಬ್ಬರು ಕೈಹಾಕಿ ಬೆಳೆಸಿದ್ದು. ಆ ಕಾಲದ ವಿಜಿಎ ಪರದೆಗೆ 2,62,144 ಬಣ್ಣ ಗೊತ್ತಿದ್ದವು, ಆದರೆ ಒಂದು ಸಲಕ್ಕೆ ತೋರಿಸುತ್ತಿದ್ದದ್ದು 256 ಮಾತ್ರ. ಯಾವ 256 ಅನ್ನುವುದನ್ನು ಒಂದು ಕಡತದಲ್ಲಿ ಸಾಲಿಗೆ ಮೂರರಂತೆ ಅಂಕಿ ಹೊಡೆದು ಬರೆಯಬೇಕು: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು. ದಿನಸಿ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅದರಲ್ಲೊಂದು ಮಜಾ ಇತ್ತು. 'ಸಿ' ಕೀಲಿ ಒತ್ತಿದರೆ ಆ 256 ಬಣ್ಣಗಳೂ ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತಾ, ಚಿತ್ರ ನಿಂತಲ್ಲೇ ನಿಂತು ಬಣ್ಣಗಳು ಹೊಳೆಯಾಗಿ ಹರಿಯುತ್ತಿದ್ದವು.

ನಮ್ಮ ಲ್ಯಾಬಿಗೆ ಚಪ್ಪಲಿ ಬಿಚ್ಚಿ ಹೋಗಬೇಕಿತ್ತು. ಬಣ್ಣದ ಮಾನಿಟರ್ ಒಂದೇ ಒಂದು, ಅದೂ ಕಿಟಕಿ ಪಕ್ಕ. 1992ರ ಮಾರ್ಚ್ ಮೊದಲ ವಾರ. ಮಾರ್ಚ್ 6ಕ್ಕೆ ಎದ್ದು ಹಾರ್ಡ್ ಡಿಸ್ಕನ್ನೇ ಹಾಳುಮಾಡುವ ಮೈಕೆಲ್ಯಾಂಜೆಲೊ ವೈರಸ್ ಬರುತ್ತದೆ ಅಂತ ಎಲ್ಲ ಕಡೆ ಗುಲ್ಲು. ಅದೇ ವಾರ ನಾನು 'ಸಿ' ಒತ್ತಿ ನೀರು ಕುಡಿಯಲು ಹೊರಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಲ್ಯಾಬ್ ಅಟೆಂಡರ್ ಇಡೀ ಮಹಡಿಯ ಮೇನ್ ಸ್ವಿಚ್ಚನ್ನೇ ಇಳಿಸಿ, ಕೈಯಲ್ಲಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬಂದ್ಬಿಡ್ತು ಸಾರ್, ಕಣ್ಣಾರೆ ನೋಡಿದೆ, ಬಣ್ಣಬಣ್ಣವಾಗಿ ಹರೀತಿತ್ತು!" ಅಂತ ಎಚ್‌ಒಡಿಗೆ ವರದಿ. ಪಕ್ಕದ ಕೊಠಡಿಯಲ್ಲಿ ಯಾರದೋ ಪ್ರಾಜೆಕ್ಟು ಉಳಿಸಿಕೊಳ್ಳದೆ ಹೋಯಿತು. ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಟೈಪು ಮಾಡಿದ ಆದೇಶ: ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಅನುಮತಿಯಿಲ್ಲದೆ ಬಣ್ಣ ಬಳಸತಕ್ಕದ್ದಲ್ಲ.

ಈಗಿನ ಕಷ್ಟ ಇದಕ್ಕೆ ಪೂರ್ತಿ ಉಲ್ಟಾ. ನಾನು ಬಳಸುವ ಸಾಫ್ಟ್‌ವೇರಿಗೆ ಮೊನ್ನೆ ಹೊಸ ಆವೃತ್ತಿ ಬಂತು. ಲೆಕ್ಕದ ಭಾಗವನ್ನು ಮುಟ್ಟಿಲ್ಲ. ಬಣ್ಣಕ್ಕೇ ಅಂತ ಒಂದು ಇಡೀ ಹೊಸ ಕಿಟಕಿ ಕೊಟ್ಟಿದ್ದಾರೆ. ಕೆಂಪು, ಹಸಿರು, ನೀಲಿಗೆ ಒಂದೊಂದು ಗೆರೆ. ಬೇಕಾದಲ್ಲಿ ಹಿಡಿದು ಎಳೆದರೆ ಚಿತ್ರ ಕೂಡಲೇ ಬಣ್ಣ ಬದಲಿಸುತ್ತದೆ. ಇಡೀ ವರ್ಣಪಟ್ಟಿಯನ್ನು ತಿರುಗಿಸಬಹುದು, ಹಿಗ್ಗಿಸಬಹುದು, ಯಾವುದಾದರೂ ಫೋಟೋದಿಂದ ಬಣ್ಣ ಹೀರಿಕೊಳ್ಳಬಹುದು. ಏನೂ ತೋಚದವರಿಗೆ ದಾಳದ ಗುಂಡಿ. ಒತ್ತಿದರೆ ಯಾವುದೋ ಬಣ್ಣಗಳು ಬಂದು ಬೀಳುತ್ತವೆ. ದಾಳದಲ್ಲಿ ಬಿದ್ದ ಚೆಂದದ್ದನ್ನು ಉಳಿಸಿಕೊಳ್ಳುವ ಮೊದಲೇ ಬೆರಳು ಇನ್ನೊಮ್ಮೆ ಒತ್ತಿರುತ್ತದೆ. ಹಿಂದೆ ಹೋಗುವ ಬಾಣ ಇದೆ, ಆದರೆ ಅದು ಗೆರೆ ಎಳೆದದ್ದಕ್ಕೆ ಮಾತ್ರ, ದಾಳಕ್ಕಿಲ್ಲ. ಬರೆದವರು ಪಗಡೆ ನಿಯಮ ಬಲ್ಲವರೇ ಇರಬೇಕು.

ಮೊದಲ ಗಿರಾಕಿ ಷಡ್ಡಕ. ಗೃಹಪ್ರವೇಶದ ಪತ್ರಿಕೆಗೆ "ನಿಮ್ಮ ಆ ಸುರುಳಿ ಸುರುಳಿ ಡಿಸೈನ್" ಬೇಕಂತೆ, ಹೊಸ ಮನೆಯ ಬಣ್ಣ ನೀಲಿ ಹಳದಿಯಾದ್ದರಿಂದ ಅದರಲ್ಲೂ ಅವೆರಡೇ ಇರಬೇಕಂತೆ. ಪಟ್ಟಿಯ ಒಂದು ತುದಿಗೆ ಅಚ್ಚ ನೀಲಿ, ಇನ್ನೊಂದು ತುದಿಗೆ ಅಚ್ಚ ಹಳದಿ ಇಟ್ಟೆ. ನಡುವೆ ಬಂದದ್ದು ಬೂದಿ. ಲೆಕ್ಕ ಅದರ ಕಡೆಗೇ ಇದೆ. ಪರದೆಯ ನೀಲಿ ಅಂದರೆ ಕೆಂಪು 0, ಹಸಿರು 0, ನೀಲಿ 255. ಹಳದಿ ಅಂದರೆ ಕೆಂಪು 255, ಹಸಿರು 255, ನೀಲಿ 0. ಎರಡರ ಸರಾಸರಿ ತೆಗೆದರೆ ಮೂರಕ್ಕೂ ಅರ್ಧರ್ಧ. ಮೂರೂ ಸಮ ಇದ್ದರೆ ಅದು ಬೂದಿಯೇ. ಎರಡು ಮಂಗಳದ ಬಣ್ಣಗಳ ನಡುವೆ ಗಣಿತ ಹೀಗೆ ವಿಭೂತಿ ಇಟ್ಟುಬಿಡುತ್ತದೆ.

ಇದಕ್ಕೆ ಮದ್ದಾಗಿಯೇ ಹೊಸ ಕಿಟಕಿಯಲ್ಲಿ 'ಯಾವ ಲೋಕದಲ್ಲಿ ಬೆರೆಸಬೇಕು' ಅಂತ ಒಂದು ಪಟ್ಟಿ ಇದೆ. ಕೆಂಪು ಹಸಿರು ನೀಲಿಯ ಮಾಮೂಲಿ ಆರ್‌ಜಿಬಿ, ಬಣ್ಣಗಳನ್ನು ಚಕ್ರದ ಸುತ್ತ ಕೂರಿಸುವ ಎಚ್‌ಎಸ್‌ವಿ, ಮತ್ತೆ ಈಚಿನ ಓಕೆಲ್ಯಾಬ್. ಬ್ಯೋರ್ನ್ ಒಟ್ಟೊಸನ್ ಅನ್ನುವವರು 2020ರಲ್ಲಿ ಇದನ್ನು ಬಿಡಿಸಿ ಬರೆದರು. ಅಂಕಿಯಲ್ಲಿ ಎಷ್ಟು ಹೆಜ್ಜೆ ಸರಿಸಿದರೆ ಕಣ್ಣಿಗೂ ಹೆಚ್ಚೂಕಡಿಮೆ ಅಷ್ಟೇ ವ್ಯತ್ಯಾಸ ಕಾಣಬೇಕು ಅನ್ನುವುದು ಅದರ ಗುರಿ. ಅದನ್ನೇ ಚಕ್ರಕ್ಕೆ ಸುತ್ತಿ, ಒಂದು ಬಣ್ಣದಿಂದ ಇನ್ನೊಂದಕ್ಕೆ ಹತ್ತಿರದ ದಾರಿಯಲ್ಲಿ ಹೋಗಬೇಕೋ ದೂರದ ದಾರಿಯಲ್ಲೋ ಅಂತಲೂ ಕೇಳುತ್ತದೆ. ಎಚ್‌ಎಸ್‌ವಿ ಚಕ್ರದಲ್ಲಿ ನೀಲಿ ಹಳದಿ ಎದುರುಬದುರು, ಸರಿಯಾಗಿ 180 ಡಿಗ್ರಿ. ಅಲ್ಲಿ ಯಾವ ಕಡೆಯಿಂದ ಹೋದರೂ ಅಷ್ಟೇ ದೂರ. ಓಕೆಲ್ಯಾಬ್ ಚಕ್ರದಲ್ಲಿ ಹಸಿರಿನ ಕಡೆಯ ದಾರಿ ಹತ್ತಿರ, ಇನ್ನೊಂದು ದಾರಿ ಮೆಜೆಸ್ಟಿಕ್‌ನಲ್ಲಿ ಹೊಸಬರನ್ನು ಹತ್ತಿಸಿಕೊಂಡ ಆಟೋ: ನೇರಳೆ, ಗುಲಾಬಿ, ಕೆಂಪು, ಕಿತ್ತಳೆ ಎಲ್ಲ ಬಡಾವಣೆ ತೋರಿಸಿ ಕೊನೆಗೆ ಹಳದಿಗೆ ಇಳಿಸುತ್ತದೆ.

ಹತ್ತಿರದ ದಾರಿಯದನ್ನು ಕಳಿಸಿದೆ. ನಾದಿನಿ ಫೋನ್ ಮಾಡಿದಳು. "ಭಾವ, ಹಸಿರು ಯಾಕೆ ಬಂತು? ನಾವು ಹೇಳಿದ್ದು ಎರಡೇ ಬಣ್ಣ ಅಲ್ವಾ?" ದೂರದ ದಾರಿಯದನ್ನು ಕಳಿಸಿದೆ. "ಭಾವ, ಇದು ಗೃಹಪ್ರವೇಶದ ಪತ್ರಿಕೇನಾ, ಆರ್ಕೆಸ್ಟ್ರಾ ಪೋಸ್ಟರಾ?" ಬೇಸತ್ತು ಮೊದಲಿನ ಬೂದಿಯದನ್ನೇ ಕಳಿಸಿದೆ. "ಹಾಂ, ಇದು ನೋಡಿ! ಗ್ರೇ ಈಗ ತುಂಬಾ ಡೀಸೆಂಟು. ಇದನ್ನ ಮೊದಲೇ ಮಾಡಬಾರದಿತ್ತಾ?" ಸ್ವೀಡನ್ನಿನ ಒಟ್ಟೊಸನ್ ಅವರ ಶ್ರಮ ನಮ್ಮ ಬೀಗರಲ್ಲಿ ಹೀಗೆ ಗತಿಸಿತು.

ಪ್ರಿಂಟಿಂಗ್ ಅಂಗಡಿಯದು ಬೇರೆಯೇ ಅಧ್ಯಾಯ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಮಸಿಯಿಂದ. ಪರದೆಯ ಆ ಉರಿಯುವ ನೀಲಿಯನ್ನು ಸಯಾನ್, ಮಜೆಂಟಾ, ಹಳದಿ, ಕಪ್ಪು ಈ ನಾಲ್ಕು ಮಸಿ ಸೇರಿ ಏನೇ ಮಾಡಿದರೂ ಮುಟ್ಟಲಾಗದು, ನೇರಳೆಯ ಕಡೆಗೆ ಜಾರುತ್ತದೆ. ಅಂಗಡಿಯ ಹುಡುಗ ಇದನ್ನು ನನಗಿಂತ ಚುರುಕಾಗಿ ಹೇಳಿದ: "ಸಾರ್, ಮಾನಿಟರಲ್ಲಿ ಬರೋದು ನಿಮ್ಮ ಖುಷಿಗೆ, ಪೇಪರಲ್ಲಿ ಬರೋದು ನಮ್ಮ ಮಿಷಿನ್ ಖುಷಿಗೆ." ಒಪ್ಪಿಕೊಂಡೆ. ಪ್ರೂಫ್ ತೆಗೆದು ನೋಡಿದರೆ ದೊಡ್ಡ ಆಕಾರದ ಸುತ್ತ ಇರಬೇಕಾದ ಮರಿ ಆಕಾರಗಳೇ ಇಲ್ಲ. ಕೇಳಿದರೆ ಹುಡುಗನ ಮುಖದಲ್ಲಿ ಉಪಕಾರ ಮಾಡಿದ ಕಳೆ. "ಅಲ್ಲಲ್ಲಿ ಧೂಳು ಕೂತಿತ್ತು ಸಾರ್, ಎಲ್ಲಾ ಕ್ಲೀನ್ ಮಾಡಿದೀನಿ. ಅದಕ್ಕೆ ಚಾರ್ಜ್ ಇಲ್ಲ."

ಮ್ಯಾಂಡೆಲ್‌ಬ್ರಾಟ್ ಅವರ ಆ ಮೊದಲ ಚಿತ್ರಗಳು ಅಚ್ಚಿಗೆ ಹೋದಾಗಲೂ ಸುತ್ತಲಿನ ಚುಕ್ಕಿಗಳನ್ನು ಕೊಳೆ ಅಂದುಕೊಂಡು ಯಾರೋ ಅಳಿಸಿದ್ದರು ಅಂತ ಒಂದು ಕಥೆ ಇದೆ. ಆ ಚುಕ್ಕಿಗಳು ಕೊಳೆಯೂ ಅಲ್ಲ, ಬಿಡಿಬಿಡಿಯೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಲ್ಲಿ ತಾಯಿ ಆಕಾರಕ್ಕೆ ಅಂಟಿಕೊಂಡೇ ಇವೆ ಅಂತ ಗಣಿತಜ್ಞರಾದ ಆದ್ರಿಯೆನ್ ದುವಾಡಿ ಮತ್ತು ಜಾನ್ ಹಬರ್ಡ್ 1980ರ ದಶಕದ ಶುರುವಿನಲ್ಲೇ ಸಾಧಿಸಿ ತೋರಿಸಿದರು. ಈ ಪ್ರಮೇಯವನ್ನು ನಾನು ಕೌಂಟರಿನ ಮೇಲೆ ಮೊಣಕೈ ಊರಿ ಹುಡುಗನಿಗೆ ವಿವರಿಸಿದೆ. ಹಿಂದೆ ಕ್ಯೂನಲ್ಲಿ ಆಧಾರ್ ಜೆರಾಕ್ಸಿಗೆ ನಿಂತಿದ್ದವರು ಕೆಮ್ಮಿದರು. ಹುಡುಗ ಎಲ್ಲ ಕೇಳಿ "ಅಂದ್ರೆ ಧೂಳು ವಾಪಸ್ ಹಾಕ್ಲಾ ಸಾರ್? ಅದಕ್ಕೆ ಚಾರ್ಜ್ ಆಗುತ್ತೆ" ಅಂದ.

ಪತ್ರಿಕೆ ಬಂದ ಮೇಲೆ ನಾದಿನಿಗೆ ಅದೇ ಬೂದಿಗೆ ಹೊಂದುವ ಬ್ಲೌಸ್ ಪೀಸ್ ಬೇಕಾಯಿತು. ಅಕ್ಕತಂಗಿಯರ ಹಿಂದೆ ಮ್ಯಾಚಿಂಗ್ ಸೆಂಟರಿಗೆ ನಾನೂ ಹೋದೆ, ಮೂಲ ಚಿತ್ರ ನನ್ನ ಫೋನಲ್ಲಿ ಇತ್ತಲ್ಲ. ಅಂಗಡಿಯವರು ಫೋನನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಅದನ್ನ ಒಳಗಿಡಿ ಸಾರ್, ಫೋನ್ ಒಂದೊಂದು ಸಲ ಒಂದೊಂದು ಹೇಳುತ್ತೆ." ಪತ್ರಿಕೆ ಈಸಿಕೊಂಡು, ಗೋಡೆಯುದ್ದಕ್ಕೂ ಪೇರಿಸಿದ ರೂಬಿಯಾ ಥಾನುಗಳಲ್ಲಿ ನಾಲ್ಕು ಎಳೆದು ಹಾಕಿದರು. ನನ್ನ ಕಣ್ಣಿಗೆ ನಾಲ್ಕೂ ಒಂದೇ. ನನ್ನಾಕೆ ಎರಡನ್ನು ಮುಟ್ಟದೆಯೇ ಪಕ್ಕಕ್ಕೆ ತಳ್ಳಿದಳು: "ಇದರಲ್ಲಿ ಈರುಳ್ಳಿ ಸಿಪ್ಪೆ ಇದೆ, ಇದು ರಾಮಾ ಗ್ರೀನ್ ಕಡೆ ಹೋಗುತ್ತೆ." ಉಳಿದೆರಡನ್ನು ಅಂಗಡಿಯವರು ಬಾಗಿಲಾಚೆ ಬಿಸಿಲಿಗೆ ಒಯ್ದು ಹಿಡಿದರು. ಟ್ಯೂಬ್‌ಲೈಟಿನಡಿ ಅವಳಿಜವಳಿಯಾಗಿದ್ದ ಬಟ್ಟೆಗಳು ಹೊರಗೆ ಬಂದದ್ದೇ ಬೇರೆಬೇರೆ ಮನೆಯವಾದವು. ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗಿ ಕಾಣುವ ಬಣ್ಣಗಳ ಈ ಆಟಕ್ಕಾಗಿಯೇ ಬಣ್ಣದ ವಿಜ್ಞಾನಿಗಳು ಡಿ65 ಅಂತ ಒಂದು ಹಗಲು ಬೆಳಕನ್ನು ಗೊತ್ತು ಮಾಡಿಟ್ಟಿದ್ದಾರೆ, ಸುಮಾರು 6500 ಕೆಲ್ವಿನ್. ನಮ್ಮ ಪರದೆಗಳ ಬಿಳುಪನ್ನೂ ಅದಕ್ಕೇ ಹೊಂದಿಸಿರುತ್ತಾರೆ. ಅಂಗಡಿಯವರ ಡಿ65 ಅವರ ಹೊಸಿಲಿನಾಚೆ ಪುಕ್ಕಟೆ ಬಿದ್ದಿತ್ತು, ಮಧ್ಯಾಹ್ನ ನಾಲ್ಕರವರೆಗೆ.

ನನ್ನ ಲ್ಯಾಪ್‌ಟಾಪಿನ ಬಿಳುಪಂತೂ ದೇವರಿಗೇ ಪ್ರೀತಿ. ಕಣ್ಣಿಗೆ ಒಳ್ಳೆಯದು ಅಂತ ಮಗಳು ಅದರಲ್ಲಿ ಏನೋ ಹಾಕಿಕೊಟ್ಟಿದ್ದಾಳೆ. ಸೂರ್ಯ ಮುಳುಗಿದ್ದೇ ಪರದೆ ಅರಿಶಿನ ಹಚ್ಚಿಕೊಂಡು ಕೂರುತ್ತದೆ. ರಾತ್ರಿಯೆಲ್ಲ ನಾನು ಹದವಾಗಿ ತಂದ ಕೆನೆಬಣ್ಣ ಬೆಳಿಗ್ಗೆ ನೋಡಿದರೆ ನೀಲಿ ಹಾಕಿದ ಪಂಚೆ.

ಫೋಟೋದಿಂದ ಬಣ್ಣ ಹೀರುವ ಸಲಕರಣೆಯೇ ಈ ಆವೃತ್ತಿಯ ಹೆಮ್ಮೆ. ವಾರ್ಷಿಕೋತ್ಸವಕ್ಕೆ ಅಂತ ನಮ್ಮ ಮದುವೆಯ ಫೋಟೋ ಕೊಟ್ಟೆ. ಧಾರೆ ಸೀರೆ, ಮಲ್ಲಿಗೆ, ಮಾವಿನ ತೋರಣ, ಕುಂಕುಮ, ಅರಿಶಿನ ಎಲ್ಲ ಇದ್ದ ಫೋಟೋ. ಬಂದದ್ದು ಐದು ಬಗೆಯ ಕಂದು. ಆ ಸಲಕರಣೆ ಹತ್ತಿರ ಹತ್ತಿರದ ಬಣ್ಣಗಳನ್ನು ಗುಂಪುಕಟ್ಟಿ, ದೊಡ್ಡ ಗುಂಪುಗಳನ್ನು ಆರಿಸುತ್ತದೆ. ಫೋಟೋದಲ್ಲಿ ಜಾಗ ಹಿಡಿದಿದ್ದದ್ದು ಛತ್ರದ ಪ್ಲೈವುಡ್ ವೇದಿಕೆ, ಬಾಡಿಗೆ ಕುರ್ಚಿ, ಮುಂದೆ ಬಂದು ಅಡ್ಡ ನಿಂತ ಸೋದರಮಾವನ ಸಫಾರಿ. ಕಣ್ಣು ಮೊದಲು ಹೋಗುವ ಕುಂಕುಮಕ್ಕೆ ನಾಲ್ಕು ಚುಕ್ಕಿ ಜಾಗವೂ ಇಲ್ಲ, ಬಹುಮತದಲ್ಲಿ ಬಿದ್ದುಹೋಯಿತು. "ಇಷ್ಟೇನಾ ನಮ್ಮ ಮದುವೆ?" ಅಂದೆ. "ಅದು ಸರಿಯಾಗೇ ಹೇಳಿದೆ ಬಿಡ್ರೀ" ಅಂದಳು ನನ್ನಾಕೆ, ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ.

ಮುಂದಿನ ಫೋಟೋ ನಾನು ಆರಿಸಿದ್ದಲ್ಲ, ಬೆರಳು ಜಾರಿ ಹೋದದ್ದು. ಮೇಲಿನ ಮನೆಯ ಬಚ್ಚಲಿಂದ ನಮ್ಮ ಹಾಲಿನ ಗೋಡೆಗೆ ನೀರು ಇಳಿಯುತ್ತಿದೆ ಅಂತ ಓನರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಫೋಟೋ ಅದು. ಎಷ್ಟು ಸಲ ಕಳಿಸಿದರೂ ಅವರಿಂದ ಬರುತ್ತಿದ್ದದ್ದು ಕೈಮುಗಿದ ಚಿತ್ರ ಒಂದೇ. ಸಾಫ್ಟ್‌ವೇರ್ ಆ ತೇವದ ಕಲೆಯನ್ನು ಹೀರಿಕೊಂಡು ಕಕ್ಕಿದ ಬಣ್ಣಗಳನ್ನು ನೋಡಿ ನಾನು ಕುರ್ಚಿಯಿಂದ ಎದ್ದೆ. ಎಳೆ ಪಾಚಿ ಹಸಿರು, ಕಂಬಿಯ ತುಕ್ಕಿನ ಕಾವಿ, ಸುಣ್ಣ ಉಬ್ಬಿ ಹಕ್ಕಳೆಯೆದ್ದ ಬೂದುಬಿಳಿ, ಅದರಡಿಯಿಂದ ಇಣುಕುತ್ತಿದ್ದ, ಹಿಂದಿನ ಬಾಡಿಗೆಯವರ ಕಾಲದ ಮಾಸಿದ ಗುಲಾಬಿ. ಸುರುಳಿಗಳ ಮೇಲೆ ಅವು ಹರಿದ ರೀತಿಗೆ ಗೆರೆ ಎಳೆದಾಡುವ ಅಗತ್ಯವೇ ಬೀಳಲಿಲ್ಲ. ಅಮ್ಮ ಕೂಡ ತಿಗಣೆ ಅನ್ನಲಿಲ್ಲ.

ದೊಡ್ಡದಾಗಿ ಮುದ್ರಿಸಿ, ಧೂಳು ಸಮೇತ, ಕಟ್ಟು ಹಾಕಿಸಿದೆ. ನನ್ನಾಕೆ ಅದನ್ನು ತೂಗುಹಾಕಿದ್ದು ಸರಿಯಾಗಿ ಆ ಕಲೆಯ ಮೇಲೇ. ನೆಂಟರಿಷ್ಟರು ಬಂದರೆ ಕಾಣಬಾರದಲ್ಲ.

ಹೋದ ವಾರ ಓನರ್ ಕೊನೆಗೂ ಗೋಡೆ ನೋಡಲು ಬಂದರು. ನೋಡಿದ್ದು ಚಿತ್ರವನ್ನು. ಹತ್ತಿರ ಹೋದರು, ದೂರ ಬಂದರು, ಕನ್ನಡಕ ಏರಿಸಿದರು. "ಎಂಥ ಕಾಂಬಿನೇಷನ್ ಸಾರ್ ಇದು! ಎಲ್ಲಿ ಹುಡುಕಿದ್ರಿ ಈ ಕಲರ್?" ಅಂದರು. ನಾನು ಮಾತಾಡದೆ ಕಟ್ಟನ್ನು ಮೊಳೆಯಿಂದ ಎತ್ತಿ ಪಕ್ಕಕ್ಕೆ ಸರಿಸಿದೆ. ಅವರು ಗೋಡೆ ನೋಡಿದರು, ಚಿತ್ರ ನೋಡಿದರು, ಮತ್ತೆ ಗೋಡೆ ನೋಡಿದರು. ತಲೆ ಕೆರೆದುಕೊಂಡು ಬಹಳ ವಿನಯದಿಂದ ಕೇಳಿದರು:

"ಹಾಗಾದ್ರೆ ಪೈಪು ಸದ್ಯಕ್ಕೆ ರಿಪೇರಿ ಮಾಡಿಸೋದು ಬೇಡ ಅಂತೀರಾ ಸಾರ್?"