ಕ್ಯಾರೇ ಎನ್ನದ ಕೇರ್ ಲಿಸ್ಟ್

ಮೊನ್ನೆ ಒಂದು ಮೇಲ್ ಬಂತು. ‘ಗೌರವಾನ್ವಿತ ಪ್ರೊಫೆಸರ್ ಅವರೇ’ ಅಂತ ಶುರು. ನಾನು ಪ್ರೊಫೆಸರ್ ಅಲ್ಲ, ಗೌರವವೂ ಮನೆಯಲ್ಲಿ ಅಷ್ಟಕ್ಕಷ್ಟೇ. ಅಂತಾರಾಷ್ಟ್ರೀಯ ಬಹುಶಿಸ್ತೀಯ ಸಂಶೋಧನಾ ಪತ್ರಿಕೆಯಂತೆ. 48 ಗಂಟೆಯಲ್ಲಿ ತಜ್ಞರ ಪರಿಶೀಲನೆ, ಮೂರನೇ ದಿನ ಪ್ರಕಟಣೆ, ಜೊತೆಗೆ ಬಣ್ಣದ ಸರ್ಟಿಫಿಕೇಟ್. ಲೇಖನ ಬರೆದವರೇ 1,500 ರೂಪಾಯಿ ಕಟ್ಟಬೇಕು. ಇನ್ನೊಬ್ಬರ ಹೆಸರು ಸೇರಿಸಬೇಕಾದರೆ 300 ಜಾಸ್ತಿ. ಒಂದು ಲೈನು ಬರೆಯದಿದ್ದರೂ ಪರವಾಗಿಲ್ಲ, ಹೆಸರಿದ್ದರೆ ಸಾಕು.

ಹಳೇ ಸಂಚಿಕೆ ತೆರೆದು ನೋಡಿದೆ. ಅಕ್ಕಮಹಾದೇವಿ, ಜಿಎಸ್‌ಟಿ, ರೇಷ್ಮೆ ಹುಳುವಿನ ರೋಗ, ಮೂರೂ ಒಂದೇ ಕಡೆ. ಅಕ್ಕನೇ ರೇಷ್ಮೆ ಹುಳುವಿನ ಮೇಲೆ ವಚನ ಹೇಳಿದ್ದಾಳೆ, ಹಾಗಾಗಿ ಎರಡಕ್ಕೆ ಹೇಗೋ ನಂಟು ಹಚ್ಚಬಹುದು. ಜಿಎಸ್‌ಟಿಗೆ ಏನು ಮಾಡೋದು?

ಇಂಥವರನ್ನು ಹಿಡಿಯೋಕೆ ಅಂತಲೇ ಅಲ್ವಾ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಪ್ಪಿಗೆ ಪಡೆದ ಪತ್ರಿಕೆಗಳ ಪಟ್ಟಿ ಮಾಡಿದ್ದು! 2018ರ ಮೇ ತಿಂಗಳಲ್ಲಿ ತನ್ನದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅಷ್ಟೂ ಒಳಗೆ ಬಂದಿದ್ದು ಹೇಗೆ ಅಂತ ಕೇಳಬೇಡಿ, ಬಾಗಿಲು ತೆಗೆದವರೂ ಅವರೇ. ಆಮೇಲೆ 2019ರಲ್ಲಿ ಅದರ ಬದಲಿಗೆ ಒಳ್ಳೇ ಪತ್ರಿಕೆಗಳ ಹೊಸ ಪಟ್ಟಿ, ಕೇರ್ ಲಿಸ್ಟ್ ಬಂತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಈಗ ಯಾವ ಪತ್ರಿಕೆ ಒಳ್ಳೇದು ಅಂತ ಆಯಾ ಕಾಲೇಜು, ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಬೇಕಂತೆ. ಹೆಸರಲ್ಲೇ ಕೇರ್ ಇದ್ದದ್ದು, ಕೊನೆಗೆ ಯಾರೂ ಕ್ಯಾರೇ ಎನ್ನಲಿಲ್ಲ.

ಮೇಲ್‌ನಲ್ಲಿ ಐಎಸ್‌ಎಸ್‌ಎನ್ ನಂಬರನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಎಂಟಂಕಿಯ ಆ ನಂಬರು ಪತ್ರಿಕೆಯ ಗುರುತು, ಅಷ್ಟೇ. ಲಾರಿಗೆ ನಂಬರ್ ಪ್ಲೇಟ್ ಇದೆ ಅಂದರೆ ಬ್ರೇಕೂ ಇದೆ ಅಂತೇನಲ್ಲವಲ್ಲ.

ಹೇಳೋದು ಮರೆತೆ, ಆ ಸಂಚಿಕೆಯ ಕನ್ನಡ ಲೇಖನಗಳ ಶೀರ್ಷಿಕೆಗಳೆಲ್ಲ ಅಣ್ಣತಮ್ಮಂದಿರು. ‘ಜನಪದದಲ್ಲಿ ಸ್ತ್ರೀ ಸಂವೇದನೆ: ಒಂದು ಅಧ್ಯಯನ’. ‘ವಚನಗಳಲ್ಲಿ ಸ್ತ್ರೀ ಸಂವೇದನೆ: ಒಂದು ಅವಲೋಕನ’. ಅಧ್ಯಯನಕ್ಕೂ ಅವಲೋಕನಕ್ಕೂ ಏನು ವ್ಯತ್ಯಾಸ ಅಂತ ಹಿರಿಯರೊಬ್ಬರನ್ನು ಕೇಳಿದ್ದೆ. ‘ಅಧ್ಯಯನ ಅಂದ್ರೆ ಓದಿ ಬರೆದದ್ದು, ಅವಲೋಕನ ಅಂದ್ರೆ ನೋಡಿ ಬರೆದದ್ದು’ ಅಂದರು. ಯಾರದ್ದನ್ನು ನೋಡಿಕೊಂಡು ಅಂತ ಅವರು ಹೇಳಲಿಲ್ಲ. ಹಾಗೆ ನೋಡಿ ಬರೆದವರಿಗೆ ನಮ್ಮ ನುಡಿ ಫಾಂಟ್ ದೊಡ್ಡ ಆಸರೆ. ಹಳೇ ನುಡಿಯ ಕನ್ನಡ ಕಂಪ್ಯೂಟರಿಗೆ ಕನ್ನಡವೇ ಅಲ್ಲ, ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅದನ್ನು ಕಂಪ್ಯೂಟರಿಗೆ ಕನ್ನಡ ಅಂತಲೇ ಗೊತ್ತಾಗೋ ಯೂನಿಕೋಡ್‌ನಲ್ಲಿರುವ ಮೂಲದ ಪಕ್ಕ ಇಟ್ಟರೆ ಕೃತಿಚೌರ್ಯ ಹಿಡಿಯೋ ಸಾಫ್ಟ್‌ವೇರ್‌ಗೆ ಹೋಲಿಕೆಯೇ ಕಾಣಲ್ಲ.

ಸ್ಕೋಪಸ್ ಅನ್ನೋ ಅಂತಾರಾಷ್ಟ್ರೀಯ ಸೂಚಿಯಲ್ಲಿರೋ ಪತ್ರಿಕೆಗಳಿಗೆ ಬರೀರಿ ಅನ್ನೋರೂ ಇದ್ದಾರೆ. ಅಲ್ಲಿ ಸೇರಬೇಕಾದ ಪತ್ರಿಕೆಯಲ್ಲಿ ಶೀರ್ಷಿಕೆ, ಸಾರಾಂಶ ಇಂಗ್ಲಿಷ್‌ನಲ್ಲಿರಬೇಕು, ಗ್ರಂಥಋಣ ರೋಮನ್ ಲಿಪಿಯಲ್ಲಿರಬೇಕು. ಹಳಗನ್ನಡ ಪಾಠ ಮಾಡೋ ಮೇಷ್ಟ್ರು ಱ, ೞಗಳಿಗೆ ಇಂಗ್ಲಿಷ್ ಅಕ್ಷರ ಹುಡುಕುತ್ತಾ ಕೂರಬೇಕು. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಶುರು ಮಾಡಿದಾಗ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸ್ತಾರೆ ಅನ್ನೋ ಲೆಕ್ಕ) ಎಷ್ಟು ಅಂತ ಯಾರೂ ಕೇಳಲಿಲ್ಲ. ಪುಣ್ಯವಂತರು.

ನನಗೆ ಪರಿಚಯದ ಅತಿಥಿ ಉಪನ್ಯಾಸಕನೊಬ್ಬನಿದ್ದಾನೆ. ಹೆಳವರ ಹಿಂದೆ ಊರೂರು ಅಲೆದು, ಅವರು ಹಾಡಿ ಹೇಳೋ ವಂಶಾವಳಿ ಕೇಳಿ ಬರೆದುಕೊಂಡಿದ್ದಾನೆ. ಮೂರು ನೋಟ್‌ಬುಕ್ಕು ತುಂಬಿದೆ. ಒಂದರ ಮೇಲೆ ಟೀ ಲೋಟದ ಗುರುತು, ಪುಟದ ಅಂಚಿನಲ್ಲೆಲ್ಲ ಬಸ್ಸಿನ ಟೈಮು. ಕೆಲಸದ ಆಯ್ಕೆಯಲ್ಲಿ ಅದಕ್ಕೆ ಅಂಕ ಎಷ್ಟು? ಸೊನ್ನೆ, ಪ್ರಕಟವಾಗಿಲ್ಲವಲ್ಲ. ಅದನ್ನೇ ಹರಿದು ಆರು ತುಂಡು ಮಾಡಿ ಆರು ಕಡೆ ದುಡ್ಡು ಕಟ್ಟಿದರೆ ಅವನು ಸಂಶೋಧಕ.

ತಮಾಷೆ ಸಾಕು, ನನಗೆ ಸಿಟ್ಟು ಬರೋದು ಇಲ್ಲೇ. ತಿಂಗಳುಗಟ್ಟಲೆ ಸಂಬಳ ಬರಲ್ಲ, ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಅಂಥವನ ಜೇಬಿಗೆ ಕೈ ಹಾಕಿ, ಯಾರೂ ಓದದ ಕಾಗದ ಅಚ್ಚು ಹಾಕಿಸಿ, ಅದಕ್ಕೆ ಗುಣಮಟ್ಟ ಅಂತ ಹೆಸರಿಡ್ತೀರಲ್ಲ, ನಾಚಿಕೆ ಆಗಲ್ವಾ?

ಹೋದ ವಾರ ಅವನೇ ಫೋನ್ ಮಾಡಿದ. ‘ಸಾರ್, ಒಂದೂವರೆ ಸಾವಿರ ಇದ್ರೆ ಕೊಡ್ತೀರಾ? ಸಂಬಳ ಬಂದ ತಕ್ಷಣ ಕೊಡ್ತೀನಿ.’ ಯಾವ ಪತ್ರಿಕೆ ಅಂತ ಕೇಳಿದೆ. ಅದೇ. ಬೈಯೋಕೆ ಬಾಯಿ ಬರಲಿಲ್ಲ, ಕಳಿಸಿದೆ. ಲೇಖನಕ್ಕಿಂತ ಮೊದಲೇ ಸರ್ಟಿಫಿಕೇಟ್ ಬಂದಿದೆ. ಅದರಲ್ಲಿ ‘ಹೆಳವರು’ ಅನ್ನೋದು ‘ಹೇಳುವರು’ ಆಗಿದೆ. ತಿದ್ದಿಸೋಕೆ 200 ರೂಪಾಯಿ ಅಂತೆ.