ಭಾವಮೈದುನರ ಜಗಳ ಮತ್ತು ಟರ್ನಿಪ್

ಕಳೆದ ಭಾನುವಾರ ತರಕಾರಿ ಅಂಗಡಿಯಾತ ನನ್ನ ಚೀಲಕ್ಕೆ ನವಿಲುಕೋಸನ್ನು ಹಾಕಿ, "ಇದೇ ಸಾರ್ ಟರ್ನಿಪ್ಪು" ಎಂದ. ಅಲ್ಲವೆಂದೆ. "ಎರಡೂ ಒಂದೇ ಸಾರ್, ಹೆಸರು ಬೇರೆ ಅಷ್ಟೆ" ಎಂದ. ಹಿಂದೆ ನಿಂತಿದ್ದ ಹಿರಿಯರೊಬ್ಬರು, ಯಾರೂ ಕೇಳದಿದ್ದರೂ, ಅವನ ಪರವಾಗಿ ತೀರ್ಪು ಕೊಟ್ಟರು. ಒಂದು ಗೆಡ್ಡೆಯ ಸಲುವಾಗಿ ನನ್ನ ದನಿ ಅಷ್ಟು ಏರಬೇಕಾಗಿರಲಿಲ್ಲವೆಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಟರ್ನಿಪ್ ಎಂದೊಡನೆ ನನಗೆ ನೆನಪಾಗುವವನು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ರೇನಮ್‌ನ ಜಮೀನುದಾರ, ಎರಡನೆಯ ವೈಕೌಂಟ್ ಚಾರ್ಲ್ಸ್ ಟೌನ್‌ಶೆಂಡ್. 1674ರಲ್ಲಿ ಹುಟ್ಟಿ, ಹೇಗ್‌ನಲ್ಲಿ ರಾಯಭಾರಿಯಾಗಿದ್ದು, ಜಾರ್ಜ್ ದೊರೆಗಳ ಕಾಲದಲ್ಲಿ ಎರಡು ಬಾರಿ ರಾಜ್ಯ ಕಾರ್ಯದರ್ಶಿ ಎಂಬ ಮಂತ್ರಿಪದವಿಯಲ್ಲಿದ್ದು, ಫ್ರಾನ್ಸ್ ಮತ್ತು ಪ್ರಷ್ಯಾಗಳೊಡನೆ 1725ರ ಹ್ಯಾನೋವರ್ ಒಪ್ಪಂದವನ್ನು ಕುದುರಿಸಿದ ಈ ಮನುಷ್ಯನಿಗೆ ಲೋಕ ಉಳಿಸಿಕೊಟ್ಟ ಹೆಸರು 'ಟರ್ನಿಪ್ ಟೌನ್‌ಶೆಂಡ್'. ಅದೂ ಅವನು ತಂದ ಬೆಳೆಯಲ್ಲ. ಅವನು ರಾಜಕೀಯ ಬಿಟ್ಟು ಊರಿಗೆ ಮರಳುವುದಕ್ಕೆ ಬಹಳ ಮುಂಚೆಯೇ ಅಲ್ಲಿನ ರೈತರು ಅದನ್ನು ಬೆಳೆಯುತ್ತಿದ್ದರು. ಬೆವರು ಸುರಿಸಿದವರನ್ನು ಬಿಟ್ಟು ಬಂಗಲೆಯವನಿಗೆ ಬಿರುದು ಕೊಡುವ ಚರಿತ್ರೆಯ ಈ ಚಾಳಿ ನನಗೆ ಎಂದೂ ಹಿಡಿಸಿಲ್ಲ.

ಅವನಿಗೆ ಆ ಹೆಸರು ತಂದುಕೊಟ್ಟ, ಗೋಧಿ, ಟರ್ನಿಪ್, ಬಾರ್ಲಿ, ಮೇವಿನ ಕ್ಲೋವರ್ ಎಂಬ ನಾಲ್ಕು ವರ್ಷಗಳ ಸರದಿ ಬೇಸಾಯದ ಬಗ್ಗೆಯೇ ಬರೆಯಬೇಕೆಂದು ಕುಳಿತೆ. ಆದರೆ ಭಾವಮೈದುನರ ಜಗಳ ಕೈಗೆ ಸಿಕ್ಕ ಮೇಲೆ ಹೊಲದ ಕಡೆ ಹೋಗುವವರು ಯಾರು? ನೆರೆಯ ಹೌಟನ್‌ನ ರಾಬರ್ಟ್ ವಾಲ್ಪೋಲ್ ತನ್ನ ತಂಗಿ ಡೊರೊಥಿಯನ್ನು 1713ರಲ್ಲಿ ಟೌನ್‌ಶೆಂಡ್‌ನಿಗೆ ಕೊಟ್ಟಿದ್ದ. ಆಗ ಭಾವ ದೊಡ್ಡ ಮನುಷ್ಯ, ಮೈದುನ ಹಿಂಬಾಲಕ. ಬರಬರುತ್ತಾ ಮೈದುನನೇ ಪ್ರಧಾನಿಯಾದ. ಅಷ್ಟು ಸಾಲದೆಂಬಂತೆ, ರೇನಮ್‌ನ ಬಂಗಲೆಯೇ ಸುತ್ತಲಿಗೆಲ್ಲ ಹಿರಿದೆಂಬ ಹೆಮ್ಮೆಯಿದ್ದಲ್ಲಿ, 1722ರಿಂದ ಹೌಟನ್‌ನಲ್ಲಿ ಅದನ್ನು ಮಂಕಾಗಿಸುವ ಅರಮನೆಯನ್ನೇ ಎಬ್ಬಿಸತೊಡಗಿದ. ವಿದೇಶಾಂಗ ನೀತಿಯ ಭಿನ್ನಾಭಿಪ್ರಾಯವೇ ವಿರಸಕ್ಕೆ ಕಾರಣವೆಂದು ಪಂಡಿತರು ಬರೆಯುತ್ತಾರೆ. ಇರಬಹುದು, ಎದುರಿನವರ ಮನೆಯ ಮಹಡಿ ಏರುವುದನ್ನು ದಿನವೂ ನೋಡಿದವರಿಗೆ ಬೇರೆ ಕಾರಣವೂ ಹೊಳೆಯುತ್ತದೆ. ಇಬ್ಬರ ರಾಜಕೀಯದ ಅಂಗಡಿಯ ಹೆಸರು 'ಟೌನ್‌ಶೆಂಡ್ ಮತ್ತು ವಾಲ್ಪೋಲ್' ಆಗಿದ್ದಷ್ಟು ದಿನ ಎಲ್ಲವೂ ಸರಿಯಿತ್ತು, ಹೆಸರು ತಿರುವುಮುರುವಾದ ಮೇಲೆ ಕೆಟ್ಟಿತೆಂದು ವಾಲ್ಪೋಲನೇ ಹೇಳಿದನೆಂಬ ಪ್ರತೀತಿಯಿದೆ. 1726ರಲ್ಲಿ ಡೊರೊಥಿ ತೀರಿಕೊಂಡಳು. ನಡುವೆ ನಿಂತು ಸಮಾಧಾನಪಡಿಸುವವರೂ ಇಲ್ಲವಾದರು. ಕೊನೆಗೆ ಗೆಳೆಯರೊಬ್ಬರ ಮನೆಯಲ್ಲಿ ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡು ಕತ್ತಿಯ ಹಿಡಿಗೆ ಕೈ ಹಾಕಿದರಂತೆ. ದೇಶವನ್ನು ನಡೆಸುತ್ತಿದ್ದವರು!

1730ರಲ್ಲಿ ಟೌನ್‌ಶೆಂಡ್ ಅಧಿಕಾರ ಬಿಟ್ಟು ರೇನಮ್‌ಗೆ ಹೋದ. ಅವನ ಮೊಮ್ಮಗ, ಅದೇ ಹೆಸರಿನವನು, 1767ರಲ್ಲಿ ಅಮೆರಿಕದ ವಸಾಹತುಗಳ ಚಹಾದ ಮೇಲೆ ಸುಂಕ ಹೇರಿ, ಅಲ್ಲಿನವರನ್ನು ಕೆರಳಿಸಿ ಪಡೆದ ಕೀರ್ತಿಗೆ ಹೋಲಿಸಿದರೆ ಅಜ್ಜನ ಟರ್ನಿಪ್ಪೇ ವಾಸಿ. ಮುಖ್ಯವಾದ ಚರ್ಚೆಯೊಂದಕ್ಕೆ ಪಾರ್ಲಿಮೆಂಟಿನ ಸಭೆಗೆ ಬರಬೇಕೆಂದು ಗೆಳೆಯರು ಅಜ್ಜನನ್ನು ಕರೆದಾಗ, ತಾನು ಮುಂಗೋಪಿಯೆಂದೂ, ಬಂದರೆ ಸಿಟ್ಟಿನ ಭರದಲ್ಲಿ ಏನಾದರೂ ಮಾಡಿಬಿಟ್ಟೇನೆಂದೂ ಹೇಳಿ ಒಲ್ಲೆನೆಂದನಂತೆ. 1738ರಲ್ಲಿ ಸಾಯುವವರೆಗೂ ಹೊಲಗದ್ದೆಗಳ ನಡುವೆಯೇ ಇದ್ದುಬಿಟ್ಟ.

ನಾನೂ ಮುಂದಿನ ಭಾನುವಾರ ಆ ಅಂಗಡಿಗೆ ಹೋಗಬಾರದೆಂದು ನಿಶ್ಚಯಿಸಿದ್ದೇನೆ. ಆದರೆ ಬೀನ್ಸ್ ಅಲ್ಲಿಯೇ ಎಳೆಯದು ಸಿಗುವುದು.