ಓಬವ್ವನನ್ನು ಹತ್ತು ಸೆಕೆಂಡ್ ಮುಂದಕ್ಕೆ ಓಡಿಸಿದವನ ಚಿಕ್ಕಮ್ಮ ನಾನು

ಬಿಪಿ ಮಾತ್ರೆ ನುಂಗಿ ಬರೀತಿದ್ದೀನಿ, ಆದ್ದರಿಂದ ಸ್ವಲ್ಪ ಸಮಾಧಾನದಲ್ಲೇ ಇದ್ದೀನಿ ಅಂದುಕೊಳ್ಳಿ.

ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಹಾಲಿನಲ್ಲಿ ನಾನು, ಅವಳ ಮಗ, ಮತ್ತು ಅವನ ಕೈಯಲ್ಲಿ ರಿಮೋಟು. ಏನು ನೋಡೋದು ಅಂತ ಅರ್ಧ ಗಂಟೆ ಕಿತ್ತಾಡಿ ಕೊನೆಗೆ ನನ್ನ ಹಟಕ್ಕೆ ಯೂಟ್ಯೂಬಲ್ಲಿ ‘ನಾಗರಹಾವು’ ಹಾಕಿದ. ದುರ್ಗದ ಸೀಮೆಯವಳು ನಾನು, ಬೇರೇನು ಕೇಳಲಿ? ಕೋಟೆ ಕಂಡ ತಕ್ಷಣ ಕಾಲು ಮಡಚಿ ಸೋಫಾ ಮೇಲೆ ಕೂತೆ.

ಓಬವ್ವನ ಹಾಡು ಶುರುವಾಯಿತು. ಹುಡುಗ ರಿಮೋಟ್ ಒತ್ತಿದ. ಹತ್ತು ಸೆಕೆಂಡ್ ಮುಂದೆ. ಇನ್ನೊಂದು ಹತ್ತು. ನಾನು “ಏಯ್” ಅನ್ನುವಷ್ಟರಲ್ಲಿ ಕಿಂಡಿ ಕಂಡಿತು, ಒನಕೆ ಮಿಂಚಿತು, ಹಾಡು ಮುಗಿದೇಹೋಯಿತು. ಹೈದರಾಲಿಯ ಸೈನಿಕರಿಗೆ ಆ ಕಿಂಡಿಯಲ್ಲಿ ಆಗದ ಕೆಲಸವನ್ನು ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ಹುಡುಗ ಹೆಬ್ಬೆರಳಲ್ಲಿ ಮಾಡಿ ಮುಗಿಸಿದ!

“ಹಾಡು ತಾನೇ ಚಿಕ್ಕಮ್ಮ, ಕಥೆ ಮುಂದಕ್ಕೆ ಹೋಗಲ್ಲ” ಅಂದ.

ಹಾಡು ತಾನೇ ಅಂತೆ.

ಅಲ್ಲಪ್ಪಾ, ಆ ಹಾಡೇ ಒಂದು ಸಿನಿಮಾ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಹೋದವಳಿಗೆ ಕಲ್ಲಿನ ಸಂದಿಯಿಂದ ಸದ್ದು ಕೇಳಿಸುತ್ತದೆ. ಒಂದು ತಲೆ ಒಳಗೆ ತೂರುತ್ತದೆ, ಒನಕೆ ಇಳಿಯುತ್ತದೆ. ಹೆಣ ಪಕ್ಕಕ್ಕೆಳೆದು ಮತ್ತೆ ಒನಕೆ ಎತ್ತಿ ನಿಲ್ಲುತ್ತಾಳೆ. ಇನ್ನೊಂದು ತಲೆ. ಜಯಂತಿ ಇಡೀ ಚಿತ್ರದಲ್ಲಿ ಇರೋದೇ ಆ ಕೆಲವು ನಿಮಿಷ, ಆದರೂ ನಮ್ಮೂರ ಕಡೆ ಓಬವ್ವ ಅಂದರೆ ಇವತ್ತಿಗೂ ಕಣ್ಣಿಗೆ ಬರೋದು ಅವರ ಮುಖವೇ. ಇನ್ನು ಪಿ.ಬಿ. ಶ್ರೀನಿವಾಸ್. ಅಷ್ಟು ಮೆತ್ತನೆಯ ದನಿಯವರ ಕೈಲಿ ಯುದ್ಧದ ಹಾಡು ಹಾಡಿಸುವ ಧೈರ್ಯ ಯಾರಿಗಿತ್ತು? ನಿರ್ದೇಶಕ ಪುಟ್ಟಣ್ಣ ಕಣಗಾಲ್, ಸಂಗೀತ ಕೊಟ್ಟ ವಿಜಯಭಾಸ್ಕರ್ ಇಬ್ಬರಿಗಿತ್ತು. ಆ ದನಿ ಅಬ್ಬರಿಸಲ್ಲ. ಅದಕ್ಕೇ ಮೈ ಜುಮ್ ಅನ್ನೋದು.

‘ಬಾರೆ ಬಾರೆ’ ಹಾಡು ಬಂದಾಗ ಇವನು ಏನಂತಾನೆ ಅಂತಲೂ ನನಗೆ ಗೊತ್ತು. ಹಿಂದೊಮ್ಮೆ ಅಂದಿದ್ದಾನೆ: “ತುಂಬಾ ಸ್ಲೋ ಇದೆ ಚಿಕ್ಕಮ್ಮ.” ಹೌದು ಮಾರಾಯ, ಅದನ್ನು ಸ್ಲೋ ಮೋಷನ್ನಲ್ಲೇ ತೆಗೆದದ್ದು! ಫಿಲ್ಮು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುತ್ತದೆ. ತೆರೆಯ ಮೇಲೆ ನಿಧಾನ ಕಾಣಬೇಕಾದರೆ ಶೂಟಿಂಗ್ ಹೊತ್ತಲ್ಲಿ ಕ್ಯಾಮೆರಾ ಅದಕ್ಕಿಂತ ಜೋರಾಗಿ ಓಡಬೇಕು. ವೇಗ ಎರಡರಷ್ಟಾದರೆ ಫಿಲ್ಮಿನ ಖರ್ಚೂ ಎರಡರಷ್ಟು. ಅದೂ 1972ರಲ್ಲಿ, ಕಲರ್ ಫಿಲ್ಮು ಹೊರದೇಶದಿಂದ ಬರಬೇಕಿದ್ದ ಕಾಲದಲ್ಲಿ. ಅದಕ್ಕೆ ದುಡ್ಡು ಹಾಕಿದವರು ಎನ್. ವೀರಾಸ್ವಾಮಿ. ಅವರ ಮಗ ರವಿಚಂದ್ರನ್ 1987ರಲ್ಲಿ ಹಂಸಲೇಖರ ಜೊತೆ ಸೇರಿ ‘ಪ್ರೇಮಲೋಕ’ ಮಾಡಿ, ಮಾತಲ್ಲಿ ಹೇಳಬೇಕಾದ್ದನ್ನೂ ಹಾಡಲ್ಲೇ ಹೇಳಿಸಿದ್ದು ಸುಮ್ಮನೆ ಅಲ್ಲ ಬಿಡಿ. ಅದನ್ನು ಈ ಹುಡುಗ ರಿಮೋಟ್ ಹಿಡಿದು ನೋಡಿದರೆ ಇಪ್ಪತ್ತು ನಿಮಿಷದಲ್ಲಿ ಶುಭಂ.

ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಇದೇ ಹುಡುಗ ಮ್ಯೂಸಿಕ್ ವಿಡಿಯೋ ಅಂದರೆ ಪ್ರಾಣ ಬಿಡುತ್ತಾನೆ. ಹೋದ ತಿಂಗಳು ‘ಓಕೆ ಗೋ’ ಅನ್ನೋ ತಂಡದ್ದೊಂದು ತೋರಿಸಿದ. ನಾಲ್ಕು ಜನ, ಎಂಟು ಟ್ರೆಡ್‌ಮಿಲ್ಲು, ಒಂದೇ ಶಾಟು. ಹಾಡುಗಾರನ ಸೋದರಿಯೇ ಕುಣಿತ ಹೇಳಿಕೊಟ್ಟು 2006ರಲ್ಲಿ ತೆಗೆದದ್ದಂತೆ. ಸತ್ಯ ಹೇಳಿಬಿಡ್ತೀನಿ, ಮೂರು ಸಲ ನೋಡಿದೆ. ಒಬ್ಬ ಜಾರಿ ಹಿಂದಕ್ಕೆ ಹೋಗುವಾಗ ಇನ್ನೊಬ್ಬ ನಡೆದು ಮುಂದಕ್ಕೆ ಬರೋದು ನೋಡಿ ಮಗುವಿನ ಹಾಗೆ ನಕ್ಕೆ. ಕಲೆ ಅಲ್ಲ ಅಂದವರಾರು? ಆದರೆ ಅದು ಆರ್ಟು, ಓಬವ್ವ ಫಾರ್ವರ್ಡು, ಇದು ಯಾವ ನ್ಯಾಯ?

ಅಮೆರಿಕದಲ್ಲಿ ಎಂಟಿವಿ ಶುರುವಾದದ್ದೇ 1981ರಲ್ಲಿ. ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ ಬಂದದ್ದು 1983ರಲ್ಲಿ, ಹತ್ತಿರಹತ್ತಿರ ಹದಿನಾಲ್ಕು ನಿಮಿಷದ್ದು. ಅದನ್ನು ಅಲ್ಲಿನವರು 2009ರಲ್ಲಿ ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಹಾಡಿನಲ್ಲಿ ಕಥೆ ಹೇಳೋದು ಅವರು ಕಲಿಸಿಕೊಟ್ಟದ್ದಲ್ಲ, ಸ್ವಾಮಿ. ನಮ್ಮ ಬಯಲಾಟದಲ್ಲಿ, ಯಕ್ಷಗಾನದಲ್ಲಿ ಪದ ತೆಗೆದುಬಿಟ್ಟರೆ ಉಳಿಯೋದು ಬಣ್ಣ, ಕಿರೀಟ ಅಷ್ಟೆ. ಸಿನಿಮಾ ಹಾಡು ಆ ಮನೆಯ ಮಗಳು. ಅವರೋ ಪಟ್ಟಿ ಮಾಡಿ ಕಾಪಾಡುತ್ತಾರೆ. ನಾವು ಹಳೇ ಚೌಕ ಚಿತ್ರವನ್ನು ಟಿವಿಯ ಅಗಲಕ್ಕೆ ಎಳೆದು, ನಾಯಕಿಯ ತಲೆಯ ಹೂವನ್ನೇ ಕತ್ತರಿಸಿ, ಮೂಲೆಯಲ್ಲಿ ಲೋಗೋ ಒತ್ತಿ ಬಿಡುತ್ತೇವೆ.

ಗೊತ್ತು, ಈಗ ಕಾಮೆಂಟಲ್ಲಿ ಬರ್ತೀರ. “ಮೇಡಂ, ಎಲ್ಲಾ ಹಾಡೂ ಹಾಗಿರಲ್ಲ. ಹಿಮದಲ್ಲಿ ಹೀರೋಗೆ ಜರ್ಕಿನ್ನು, ಹೀರೋಯಿನ್ನಿಗೆ ಶಿಫಾನ್ ಸೀರೆ, ಅದನ್ನೂ ನೋಡಬೇಕಾ?” ಬೇಡ. ಧಾರಾಳವಾಗಿ ಹಾರಿಸಿ, ಆ ಹುಡುಗಿಗೆ ಚಳಿಯಾದರೂ ತಪ್ಪಲಿ. ಕಲ್ಲಿದೆ ಅಂತ ಅಕ್ಕಿ ಮೂಟೆಯನ್ನೇ ತಿಪ್ಪೆಗೆ ಸುರಿಯೋರಿಗೆ ನಾನೇನು ಹೇಳಲಿ! ‘ಬಂಗಾರದ ಮನುಷ್ಯ’ದಲ್ಲಿ ‘ಆಗದು ಎಂದು’ ಹಾರಿಸಿ ನೋಡಿ. ರಾಜಕುಮಾರ್ ಕಲ್ಲು ಒಡೆದು ಬಂಜರು ಹಸನು ಮಾಡುವ ದುಡಿಮೆಯೆಲ್ಲ ಆ ಹಾಡಲ್ಲಿದೆ. ಹಾರಿಸಿದರೆ ಹೊಲ ತಾನಾಗಿ ಹಸಿರಾಗಿರುತ್ತದೆ, ಲಾಟರಿ ಹೊಡೆದ ಹಾಗೆ.

ನಮ್ಮೂರಿನ ಟೆಂಟಲ್ಲಿ ಸೆಕೆಂಡ್ ಶೋಗೆ ಆಪರೇಟರ್ ಬೇಗ ಮನೆ ಸೇರೋಕೆ ಹಾಡು ಹಾರಿಸುತ್ತಿದ್ದ. ಹಾಗೆ ಮಾಡಿದ ದಿನ ಗಂಡಸರು ಶಿಳ್ಳೆ ಹೊಡೆದು, ಕುರ್ಚಿ ಕುಟ್ಟಿ, ಆ ರೀಲು ಮತ್ತೆ ಹಾಕಿಸುತ್ತಿದ್ದರು. ಅಮ್ಮನ ತೊಡೆ ಮೇಲೆ ನಿದ್ದೆ ಹೋಗಿದ್ದ ನಾನು ಓಬವ್ವನನ್ನು ಮೊದಲು ನೋಡಿದ್ದು ಆ ಗಲಾಟೆಗೆ ಎಚ್ಚರವಾಗಿ. ಮಾರನೇ ದಿನ ಒನಕೆ ಎತ್ತಲಾರದೆ ಊದುಗೊಳವೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಅವಿತು ನಿಂತೆ. ಬಗ್ಗಿ ಒಳಗೆ ಬಂದ ಮೊದಲ ವೈರಿ ನಮ್ಮಪ್ಪ. ಆಮೇಲೆ ಆದದ್ದನ್ನು ಇಲ್ಲಿ ಬರೆಯಲ್ಲ.

ನಾನೇನು ಸಾಚಾ ಅಲ್ಲ. ಈಚೆಗೆ ಥಿಯೇಟರಲ್ಲಿ ಹಾಡು ಶುರುವಾದಾಗ ವಾಟ್ಸಾಪ್ ತೆಗೆದಿದ್ದೆ. ಪಕ್ಕದ ಸೀಟಿನ ಅಜ್ಜಿ “ಬೆಳಕು ಆರ್ಸಮ್ಮ” ಅಂದರು. ಕಿವಿ ಬಿಸಿಯಾಯಿತು.

ಹಾಂ, ಭಾನುವಾರದ್ದು ಅರ್ಧಕ್ಕೇ ನಿಂತಿತು. ಹಾಲಿನಲ್ಲಿ ನಮ್ಮಿಬ್ಬರ ವಾಗ್ಯುದ್ಧ ನಡೆದಿರುವಾಗ ಒಳಗಿಂದ ರೊಟ್ಟಿ ತಟ್ಟುವ ಸದ್ದು ನಿಂತಿತು. “ಯಾವನೋ ಅವನು ಹಾಡು ನಿಲ್ಲಿಸಿದ್ದು? ಕೇಳ್ತಾ ಇದ್ದೆ ನಾನು!” ಅಂದಳು ಅಕ್ಕ. ಚಿಕ್ಕಮ್ಮನ ಭಾಷಣಕ್ಕೆ ಜಗ್ಗದವನು ಅಮ್ಮನ ಒಂದು ಕೂಗಿಗೆ ತೆಪ್ಪಗೆ ಹಿಂದಕ್ಕೆ ಓಡಿಸಿದ. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಓಬವ್ವ ಒನಕೆ ಎತ್ತಿದಳು, ಅಷ್ಟರಲ್ಲಿ ಜಾಹೀರಾತು. ಹುಡುಗ ಸ್ಕಿಪ್ ಬಟನ್ ಹುಡುಕಿದ. ಅದಕ್ಕೆ ಸ್ಕಿಪ್ಪೇ ಇರಲಿಲ್ಲ. ಕೈ ಕಟ್ಟಿ, ಕೊನೇ ಸೆಕೆಂಡಿನವರೆಗೂ, ಪಾತ್ರೆ ತೊಳೆಯೋ ಸೋಪು ನೋಡಿದ.